ಮರವಲ್ಲದ ಮರ: ಕೊಯ್ಯುವ ಮುನ್ನ, ಮಾರುವ ಮುನ್ನ



ಹಾಲಿನ ಕ್ಯಾನು, ಶಾಂಪೂ ಬಾಟಲಿ, ಎಣ್ಣೆ ಡಬ್ಬ ಇವೆಲ್ಲ ಗುಜರಿಗೆ ಹೋದ ಮೇಲೆ ಏನಾಗುತ್ತವೆ ಎಂದು ನಾವು ಯೋಚಿಸುವುದು ಕಡಿಮೆ. ಅವನ್ನು ತೊಳೆದು, ಚೂರು ಮಾಡಿ, ಕರಗಿಸಿ, ಅಚ್ಚಿಗೆ ಒತ್ತಿ ಹಲಗೆ ಮಾಡುವ ಉದ್ಯಮವೂ ಇದೆ. ಈ ಹಲಗೆ ನೀರು ಹೀರದು, ಬಣ್ಣ ಬೇಡದು, ಗೆದ್ದಲಿಗೆ ಆಹಾರವಾಗದು. ಗೆದ್ದಲಿಗೆ ವಿಷ ಹೊಡೆಸಲು ಮನಸ್ಸು ಬಾರದ ನಮ್ಮಂಥ ಮನೆಗಳಿಗೆ ಇದೊಂದು ಸಮಾಧಾನ.

ನಾನಿರುವ ಕುರಿಚಿ 2011ರಲ್ಲಿ ಕೊಯಮತ್ತೂರು ನಗರಪಾಲಿಕೆಗೆ ಸೇರಿದ ಊರು. ಇಲ್ಲಿನ ಸಿಡ್ಕೊ ಕೈಗಾರಿಕಾ ವಸಾಹತಿನಿಂದಾಗಿ ಕಬ್ಬಿಣದ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಮರದ ವಿಷಯ ಬಂದರೆ ಆನೆಮಲೆಯ ತೇಗವೇ ಇಲ್ಲಿಯವರ ಅಳತೆಗೋಲು. ಬೆಟ್ಟದ ಮೇಲಿಂದ ತೇಗದ ದಿಮ್ಮಿಗಳನ್ನು ಕೆಳಕ್ಕೆ ಜಾರಿಸುತ್ತಿದ್ದುದರಿಂದಲೇ ಅಲ್ಲಿಯ ಒಂದು ಜಾಗಕ್ಕೆ ಟಾಪ್‌ಸ್ಲಿಪ್ ಎಂಬ ಹೆಸರು ಬಂತು. ತೇಗದಲ್ಲಿ ಪಳಗಿದ ಕೈ ಈ ಹೊಸ ಹಲಗೆಯನ್ನೂ ತೇಗದಂತೆಯೇ ಹಿಡಿದರೆ ತೊಂದರೆ ಶುರುವಾಗುತ್ತದೆ.

ಹೊಸ ಉಪಕರಣವೇನೂ ಬೇಕಿಲ್ಲ. ಬಡಗಿಯ ಗರಗಸ, ಡ್ರಿಲ್, ಉಳಿ, ಅರ ಸಾಕು. ಆದರೆ ರೀತಿ ಬೇರೆ. ಹೆಚ್ಚಾಗಿ ಬಳಸುವ ಪಾಲಿಥಿನ್ ಸುಮಾರು 130 ಡಿಗ್ರಿ ಶಾಖಕ್ಕೇ ಕರಗುತ್ತದೆ. ಸಣ್ಣ ಹಲ್ಲಿನ ಬ್ಲೇಡನ್ನು ವೇಗವಾಗಿ ಓಡಿಸಿದರೆ ಕೊಯ್ದ ಪುಡಿ ಕರಗಿ ಬ್ಲೇಡಿಗೇ ಅಂಟುತ್ತದೆ. ದೊಡ್ಡ ಹಲ್ಲಿನ, ಕಾರ್ಬೈಡ್ ತುದಿಯ ಬ್ಲೇಡು ಒಳ್ಳೆಯದು. ಡ್ರಿಲ್ಲನ್ನು ಆಗಾಗ ಹೊರಗೆಳೆದು ಸಿಪ್ಪೆ ತೆಗೆಯಬೇಕು. ಮರಳುಕಾಗದ ಜೋರಾಗಿ ಉಜ್ಜಿದರೆ ಮೈ ನಯವಾಗುವ ಬದಲು ಮೆತ್ತಗಾಗಿ ಎಳೆಯೆದ್ದು ಕೆಡುತ್ತದೆ. ಮರದ ಅಂಟು ಇದಕ್ಕೆ ಹಿಡಿಯುವುದೇ ಇಲ್ಲ. ಮೊಳೆ ಕಾಲಕ್ರಮೇಣ ಸಡಿಲವಾಗುತ್ತದೆ. ತುಕ್ಕು ಹಿಡಿಯದ ಸ್ಕ್ರೂ ಅಥವಾ ಬೋಲ್ಟನ್ನೇ ನಂಬಬೇಕು.

ಸ್ಕ್ರೂ ಹಾಕುವಾಗಲೂ ಒಂದು ಲೆಕ್ಕ ಬೇಕು. ಬಿಸಿ 30 ಡಿಗ್ರಿ ಏರಿದರೆ 8 ಅಡಿ ಉದ್ದದ ಪಾಲಿಥಿನ್ ಹಲಗೆ ಸುಮಾರು 7 ಮಿಲಿಮೀಟರ್ ಬೆಳೆಯುತ್ತದೆ. ತೇಗ ಉದ್ದಕ್ಕೆ ಅರ್ಧ ಮಿಲಿಮೀಟರ್ ಕೂಡ ಬೆಳೆಯದು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಮಾಳಿಗೆಯ ಮೇಲಿಟ್ಟ ಕಪ್ಪು ಹಲಗೆಗೆ ಮುಂಜಾವಿನಿಂದ ಮಧ್ಯಾಹ್ನದೊಳಗೆ ಅಷ್ಟು ಶಾಖ ಏರುವುದು ಕಷ್ಟವಲ್ಲ. ಆದುದರಿಂದ ಹಲಗೆಯಲ್ಲಿ ಕೊರೆಯುವ ತೂತು ಸ್ಕ್ರೂವಿಗಿಂತ ದೊಡ್ಡದಿರಬೇಕು, ಅಥವಾ ಉದ್ದುದ್ದವಾಗಿರಬೇಕು. ಎರಡು ಹಲಗೆ ಸೇರುವಲ್ಲಿ ಸಂದು ಬಿಡಬೇಕು. ಬಿಗಿಯಾಗಿ ಕೂರಿಸಿದ್ದು ಉಬ್ಬಿ ಎದ್ದೀತು.

ಎಲ್ಲಕ್ಕಿಂತ ಮುಖ್ಯವಾದದ್ದು ಭಾರದ ಮಾತು. ಏನೂ ಬೆರೆಸದ ಪಾಲಿಥಿನ್ ಹಲಗೆಯ ಬಿಗಿತ ತೇಗದ ಬಿಗಿತದ ಸುಮಾರು ಹತ್ತನೇ ಒಂದು ಪಾಲು. ಭಾರ ಹೊತ್ತೇ ಇದ್ದರೆ ದಿನದಿಂದ ದಿನಕ್ಕೆ ಇನ್ನಷ್ಟು ಬಾಗುತ್ತದೆ. ಅಂಗಡಿಯ ಅಟ್ಟದಲ್ಲಿ ಬಟ್ಟೆಯ ಮೂಟೆ, ಎಣ್ಣೆ ಟಿನ್ನು ಪೇರಿಸುವವರು ನಾವು. ಆ ಅಟ್ಟದ ಕೆಳಗೆ ಗುಮಾಸ್ತನೋ ಮಗನೋ ಕುಳಿತಿರುತ್ತಾನೆ. ತೇಗದ ಅಳತೆಯಲ್ಲೇ ಪ್ಲಾಸ್ಟಿಕ್ ಅಟ್ಟ ಕಟ್ಟುವುದು ಅವರ ತಲೆಯ ಮೇಲೆ ಅಪಾಯ ತೂಗುಹಾಕಿದಂತೆ. ಆಸರೆಗಳ ನಡುವಿನ ಅಂತರ ಅರ್ಧಕ್ಕಿಳಿಸಿದರೆ, ನಡುವೆ ಇಟ್ಟ ಅದೇ ಭಾರಕ್ಕೆ ಹಲಗೆ ಬಾಗುವುದು ಎಂಟನೇ ಒಂದು ಪಾಲು ಮಾತ್ರ. ಬೆಂಚು, ಬೇಲಿ, ಹೂಕುಂಡದ ಕಟ್ಟೆ, ಬಚ್ಚಲಿನ ಮಣೆ ಇವಕ್ಕೆ ಧೈರ್ಯವಾಗಿ ಬಳಸಿ. ಅಟ್ಟಕ್ಕೂ ತೊಲೆಗೂ ಬೇಡ.

ಹಾಗಾದರೆ ಈ ವಸ್ತು ಭಾರವನ್ನೇ ಹೊರದೇ? ಹೊರುತ್ತದೆ. ಅಮೆರಿಕದ ಫೋರ್ಟ್ ಬ್ರಾಗ್ ಸೇನಾ ನೆಲೆಯಲ್ಲಿ 2009ರಲ್ಲಿ ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಕಟ್ಟಿದ ಸೇತುವೆಯ ಮೇಲೆ ಸುಮಾರು 70 ಟನ್ನಿನ ಟ್ಯಾಂಕು ದಾಟಿತು. ಆದರೆ ಆ ತೊಲೆಗಳು ಗಾಜಿನ ನಾರಿನಿಂದ ಬಲಪಡಿಸಿದ ಪ್ಲಾಸ್ಟಿಕ್ಕನ್ನು ಬೆರೆಸಿ, ಎಂಜಿನಿಯರುಗಳು ಲೆಕ್ಕ ಹಾಕಿ ಮಾಡಿದವು. ಮೈ ಒಂದೇ ತೆರನಾಗಿ ಕಂಡ ಮಾತ್ರಕ್ಕೆ ಗುಣ ಒಂದೇ ಅಲ್ಲ.

ಇಲ್ಲಿ ವ್ಯಾಪಾರಿಯ ಹೊಣೆ ಬರುತ್ತದೆ. ಮರದ ಪುಡಿ ಬೆರೆಸಿದ ಡಬ್ಲ್ಯುಪಿಸಿ, ಪಿವಿಸಿ ಫೋಮ್ ಹಲಗೆ, ಮರುಬಳಕೆಯ ಪಾಲಿಥಿನ್ ಹಲಗೆ ಮೂರೂ ಬೇರೆ ಬೇರೆ ಸರಕು. ಮೂರನ್ನೂ ‘ಪ್ಲಾಸ್ಟಿಕ್ ಮರ’ ಎಂದು ಒಂದೇ ಬಾಯಲ್ಲಿ ಹೇಳಿ ಮಾರಬಾರದು. ಯಾವ ಸರಕು, ಎಷ್ಟು ಅಂತರಕ್ಕೆ ಆಸರೆ ಬೇಕು ಎಂಬುದನ್ನು ತಯಾರಕರಿಂದ ಬರಹದಲ್ಲಿ ಪಡೆದು ಗಿರಾಕಿಗೆ ಕೊಡಬೇಕು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಒಂದನ್ನು ಇನ್ನೊಂದರಂತೆ ತೋರಿಸಿ ಮಾರುವುದು ತೂಕದಲ್ಲಿ ಮೋಸ ಮಾಡಿದಷ್ಟೇ ದೋಷ. ಬಿಲ್ಲಿನಲ್ಲಿ ಸರಕಿನ ನಿಜವಾದ ಹೆಸರು ಬರೆಯಲು ಅರ್ಧ ನಿಮಿಷವೂ ಬೇಡ.

ಕೊನೆಗೊಂದು ಮಾತು. ಕೊಯ್ದ ಪುಡಿಯನ್ನು ಮರದ ಹೊಟ್ಟಿನಂತೆ ಒಲೆಗೆ ಹಾಕಬೇಡಿ, ಅಂಗಳಕ್ಕೆ ಗುಡಿಸಬೇಡಿ. ಗಾಳಿಯಲ್ಲಿ ಹಾರಿ, ಮಳೆಯಲ್ಲಿ ಹರಿದು ಕೆರೆ ಸೇರಿದರೆ ಅದು ಕೊಳೆಯುವುದಿಲ್ಲ. ಕೆಲಸ ಮಾಡುವಲ್ಲಿ ಒಂದು ಹಳೆಯ ಬಟ್ಟೆ ಹಾಸಿ, ಉದುರಿದ್ದನ್ನೆಲ್ಲ ಚೀಲದಲ್ಲಿ ತುಂಬಿ, ಪ್ಲಾಸ್ಟಿಕ್ ತೆಗೆದುಕೊಳ್ಳುವ ಗುಜರಿಯವರಿಗೇ ಕೊಡಿ. ಕಸದಿಂದ ಹುಟ್ಟಿದ ಹಲಗೆ ಮತ್ತೆ ಕಸ ಹೆಚ್ಚಿಸದಿದ್ದರೆ ಮಾತ್ರ ಅದನ್ನು ಕೊಂಡದ್ದಕ್ಕೆ ಅರ್ಥ.