ಇನ್ನೋವಾ ಎಂದರೆ ಯಾವ ಇನ್ನೋವಾ?

ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಈಚಿನ ವರ್ಷಗಳಲ್ಲಿ ಎರಡು ಬಗೆಯ ಇನ್ನೋವಾ ಹೊರಬಂದಿವೆ. ಒಂದು, ಟ್ಯಾಕ್ಸಿ ಓಡಿಸುವವರಿಂದ ಹಿಡಿದು ಶಾಸಕರವರೆಗೆ ಎಲ್ಲರೂ ನೆಚ್ಚಿಕೊಂಡ ಡೀಸೆಲ್ ಕ್ರಿಸ್ಟಾ. ಇನ್ನೊಂದು, 2022ರ ಕೊನೆಗೆ ಬಂದ ಹೈಕ್ರಾಸ್. ಮುಂದಿನ ವಾಹನ ಹಠಾತ್ತನೆ ನಿಂತರೆ ಎಚ್ಚರಿಸಿ, ಚಾಲಕ ಸ್ಪಂದಿಸದಿದ್ದರೆ ತಾನೇ ಬ್ರೇಕ್ ಹಾಕುವ ‘ಟೊಯೊಟಾ ಸೇಫ್ಟಿ ಸೆನ್ಸ್’ ಇರುವುದು ಹೈಕ್ರಾಸ್‌ನಲ್ಲಿ ಮಾತ್ರ. ಅಲ್ಲಿಯೂ ಬಿಡುಗಡೆಯ ಹೊತ್ತಿಗೆ ಅದು ಸಿಕ್ಕಿದ್ದು ಎಲ್ಲಕ್ಕಿಂತ ದುಬಾರಿಯ ಹೈಬ್ರಿಡ್ ವೇರಿಯಂಟ್‌ನಲ್ಲಷ್ಟೇ. ಹೊರಗಿನಿಂದ ನೋಡಿದವರಿಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ. ಚನ್ನಪಟ್ಟಣದಲ್ಲಿ ಯಾರಾದರೂ ‘ಇನ್ನೋವಾ ತಗೊಂಡೆ’ ಎಂದರೆ, ಆ ಕಾರು ತಾನೇ ಬ್ರೇಕ್ ಹಾಕೀತೇ ಇಲ್ಲವೇ ಎಂಬುದು ಆ ಮಾತಿನಿಂದ ಗೊತ್ತಾಗುವುದಿಲ್ಲ. ಎಷ್ಟೋ ವೇಳೆ ಕೊಂಡವರಿಗೂ ಗೊತ್ತಿರುವುದಿಲ್ಲ.

ಇದು ಕಾರ್ಖಾನೆಯೊಂದರ ತಪ್ಪಲ್ಲ. ದೇಶದಲ್ಲಿ ಕಾರು ಮಾರುವ ಬಹುತೇಕ ಎಲ್ಲ ಕಂಪನಿಗಳ ರೂಢಿ ಇದೇ. ಆದರೆ ಈಗ ಬೆಂಗಳೂರು ದಕ್ಷಿಣ ಎಂದು ಹೆಸರಾಗಿರುವ ರಾಮನಗರ ಜಿಲ್ಲೆಯವರಿಗೆ ಈ ಗೊಂದಲ ದುಬಾರಿಯಾಗಬಲ್ಲದು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬದಿಗಿಟ್ಟು ಹಾಯುತ್ತದೆ. ಮೊದಲ ತಿಂಗಳುಗಳಲ್ಲೇ ಅಲ್ಲಿ ಸಾವಿನ ಸುದ್ದಿ ನಿತ್ಯದ ಮಾತಾಯಿತು. ಆ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂದವು. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ ಎಂದಾಯಿತು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಎಲ್ಲೇ ಆಗಲಿ 130 ಮೀರಿದರೆ ಎಫ್‌ಐಆರ್ ಹಾಕಲು ಪೊಲೀಸರು ತೊಡಗಿದರು. ರಸ್ತೆ ಬದಲಾಯಿತು, ಪೊಲೀಸರ ಕಣ್ಣು ಚುರುಕಾಯಿತು. ಕಾರಿನೊಳಗೆ ಏನಿದೆ ಎಂಬ ಪ್ರಶ್ನೆಯನ್ನು ಮಾತ್ರ ಶೋರೂಂನ ಮಾರಾಟ ಪ್ರತಿನಿಧಿಯ ಬಾಯಿಗೆ ಬಿಟ್ಟಿದ್ದೇವೆ.

ಕಾನೂನು ಕಡ್ಡಾಯ ಮಾಡಿರುವುದು ಎಲ್ಲ ಹೊಸ ಕಾರಿನಲ್ಲೂ ಇರುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್, ಮುಂದಿನ ಎರಡು ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಸದ್ದು, ಹಿಂದಕ್ಕೆ ತೆಗೆಯುವಾಗಿನ ಸೆನ್ಸರ್, ವೇಗದ ಎಚ್ಚರಿಕೆ ಇವೆಲ್ಲ 2019ರಿಂದ 2021ರ ನಡುವೆ ಹಂತ ಹಂತವಾಗಿ ಬಂದವು. ವೇಗದ ಎಚ್ಚರಿಕೆಯ ವಿಷಯದಲ್ಲಿ ಒಂದು ಮಾತು: ಅದು 80 ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ ಕೂಗುತ್ತದೆ. ನಮ್ಮ ಹೆದ್ದಾರಿಯ ಮಿತಿ 100. ಅಂದರೆ ದಂಡ ಬೀಳುವ ಗೆರೆಯನ್ನು ದಾಟುವ ಕ್ಷಣದಲ್ಲಿ ಕಡ್ಡಾಯ ಎಚ್ಚರಿಕೆ ಹೊಸದಾಗಿ ಏನನ್ನೂ ಹೇಳುವುದಿಲ್ಲ.

ಇವೆಲ್ಲ ‘ಅಡಾಸ್’ ಅಲ್ಲ. ಜನ ಅಡಾಸ್ ಎನ್ನುವುದು ಕ್ಯಾಮೆರಾ ಅಥವಾ ರೇಡಾರ್‌ನಿಂದ ರಸ್ತೆಯನ್ನು ತಾನೇ ನೋಡಿ ಚಾಲಕನಿಗೆ ನೆರವಾಗುವ ವ್ಯವಸ್ಥೆಗಳ ಗುಂಪಿಗೆ. ಗೊಂದಲ ಹುಟ್ಟುವುದೂ ಇಲ್ಲೇ. ತಾನೇ ಬ್ರೇಕ್ ಹಾಕುವ ಒಂದೇ ಕೆಲಸಕ್ಕೆ ಟೊಯೊಟಾ ‘ಪ್ರಿ-ಕೊಲಿಷನ್ ಸಿಸ್ಟಮ್’ ಎನ್ನುತ್ತದೆ, ಹೋಂಡಾ ‘ಕೊಲಿಷನ್ ಮಿಟಿಗೇಷನ್ ಬ್ರೇಕಿಂಗ್’ ಎನ್ನುತ್ತದೆ, ಹ್ಯುಂಡೈ ಮತ್ತು ಕಿಯಾ ‘ಫಾರ್ವರ್ಡ್ ಕೊಲಿಷನ್ ಅವಾಯ್ಡೆನ್ಸ್ ಅಸಿಸ್ಟ್’ ಎನ್ನುತ್ತವೆ. ಬರೀ ‘ಫಾರ್ವರ್ಡ್ ಕೊಲಿಷನ್ ವಾರ್ನಿಂಗ್’ ಎಂದಿದ್ದರೆ ಅದು ಕೂಗಿ ಸುಮ್ಮನಾಗುವ ವ್ಯವಸ್ಥೆಯಷ್ಟೇ, ಬ್ರೇಕ್ ಹಾಕುವುದು ನೀವೇ. ಬರೀ ‘ಕ್ರೂಸ್ ಕಂಟ್ರೋಲ್’ ಎಂದರೆ ಕೊಟ್ಟ ವೇಗವನ್ನು ಕಣ್ಣುಮುಚ್ಚಿ ಕಾಯ್ದುಕೊಳ್ಳುವುದು. ಮುಂದಿನ ಲಾರಿ ನಿಧಾನವಾದರೆ ತಾನೂ ನಿಧಾನವಾಗುವುದು ‘ಅಡಾಪ್ಟಿವ್’ ಎಂಬ ಪದ ಸೇರಿದ್ದರೆ ಮಾತ್ರ. ಹೋಂಡಾದ ‘ಲೇನ್‌ವಾಚ್’, ಹ್ಯುಂಡೈನ ‘ಬ್ಲೈಂಡ್ ಸ್ಪಾಟ್ ವ್ಯೂ ಮಾನಿಟರ್’ ಕನ್ನಡಿಯ ಕೆಳಗಿನ ಕ್ಯಾಮೆರಾದ ಚಿತ್ರವನ್ನು ಪರದೆಯಲ್ಲಿ ತೋರಿಸುತ್ತವೆ. ಪಕ್ಕದಲ್ಲಿ ಬೈಕ್ ಇದೆ ಎಂದು ಅವು ತಾವಾಗಿ ಎಚ್ಚರಿಸುವುದಿಲ್ಲ. ಎಚ್ಚರಿಸುವುದು ಹಿಂದಿನ ಬಂಪರ್‌ನ ಮೂಲೆಗಳಲ್ಲಿ ರೇಡಾರ್ ಇಟ್ಟುಕೊಂಡ ‘ಬ್ಲೈಂಡ್ ಸ್ಪಾಟ್’ ಎಚ್ಚರಿಕೆ ಎಂಬ ಬೇರೆಯದೇ ವ್ಯವಸ್ಥೆ. ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರಿಕೊಳ್ಳುವಾಗ ಈ ಎರಡರ ನಡುವಿನ ಅಂತರ ಪ್ರಾಣದ ಮಾತಾಗುತ್ತದೆ.

‘ಲೆವೆಲ್ 2 ಅಡಾಸ್’ ಎಂಬ ಜಾಹೀರಾತಿನ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಆಟೊಮೊಬೈಲ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘ ಎಸ್‌ಎಇ ಮಾಡಿದ ಸೊನ್ನೆಯಿಂದ 5ರವರೆಗಿನ ವಿಂಗಡಣೆ ಅಳೆಯುವುದು ಚಾಲನೆಯ ಎಷ್ಟು ಕೆಲಸವನ್ನು ಕಾರು ಬಿಡದೆ ಮಾಡುತ್ತದೆ ಎಂಬುದನ್ನು. ವೇಗವನ್ನೋ ಸ್ಟೀರಿಂಗನ್ನೋ ಒಂದನ್ನು ನೋಡಿಕೊಂಡರೆ ಲೆವೆಲ್ 1, ಎರಡನ್ನೂ ಒಟ್ಟಿಗೆ ನೋಡಿಕೊಂಡರೆ ಲೆವೆಲ್ 2. ತುರ್ತು ಸಮಯದಲ್ಲಿ ಕ್ಷಣಮಾತ್ರ ಬ್ರೇಕ್ ಹಾಕುವ ವ್ಯವಸ್ಥೆ, ಬ್ಲೈಂಡ್ ಸ್ಪಾಟ್ ಎಚ್ಚರಿಕೆ, ಲೇನ್ ತಪ್ಪಿದಾಗಿನ ಎಚ್ಚರಿಕೆ ಇವೆಲ್ಲ ಆ ಲೆಕ್ಕದಲ್ಲಿ ಸೊನ್ನೆಯ ಹಂತದವು! ಜೀವ ಉಳಿಸುವ ಸಾಧ್ಯತೆ ಹೆಚ್ಚಿರುವುದು ಸೊನ್ನೆ ಎನಿಸಿಕೊಂಡ ಇವುಗಳಿಂದಲೇ. ಲೆವೆಲ್ 2 ಎಂಬ ಅಂಕಿ ಸುರಕ್ಷತೆಯ ಅಳತೆಯೇ ಅಲ್ಲ. ಆದರೂ ಅದನ್ನು ಹಾಗೆಯೇ ಮಾರಲಾಗುತ್ತಿದೆ, ಕೊಂಡ ಕೆಲವರು ಸ್ಟೀರಿಂಗ್ ಬಿಟ್ಟು ಕುಳಿತು ರೀಲ್ಸ್ ಮಾಡಿದ್ದನ್ನೂ ನೋಡಿದ್ದೇವೆ. ಲೆವೆಲ್ 2ರಲ್ಲಿ ಚಾಲಕನ ಹೊಣೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ನಕ್ಷತ್ರಗಳನ್ನೂ ಹಾಗೆಯೇ ತಪ್ಪಾಗಿ ಓದುತ್ತೇವೆ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಡಿಕ್ಕಿ ಪರೀಕ್ಷಾ ಕಾರ್ಯಕ್ರಮ ಭಾರತ್ ಎನ್‌ಕ್ಯಾಪ್‌ನ 5 ನಕ್ಷತ್ರ ಮುಖ್ಯವಾಗಿ ಹೇಳುವುದು ಡಿಕ್ಕಿಯಾದ ಮೇಲೆ ಒಳಗಿರುವವರ ಗತಿಯನ್ನು. ಮುಂಭಾಗದ ಡಿಕ್ಕಿ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿ.ಮೀ. ವೇಗದಲ್ಲಿ. ಅದು ಒಳ್ಳೆಯ ಕೆಲಸ, ಬೇಕೇ ಬೇಕಾಗಿತ್ತು. ಆದರೆ ಡಿಕ್ಕಿಯಾಗುವ ಮುನ್ನ ಕಾರು ತಾನೇ ಬ್ರೇಕ್ ಹಾಕುತ್ತದೆಯೇ ಎಂಬುದಕ್ಕೆ ಆ ನಕ್ಷತ್ರಗಳಲ್ಲಿ ಉತ್ತರವಿಲ್ಲ. ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತ 1,68,491 ಮಂದಿಯಲ್ಲಿ ಸುಮಾರು ಐವರಲ್ಲಿ ಒಬ್ಬರು ಪಾದಚಾರಿಗಳು. ಅವರಿಗೆ ಏರ್‌ಬ್ಯಾಗ್ ಇಲ್ಲ. ಅವರನ್ನು ಕಂಡು ನಿಲ್ಲಬಲ್ಲ ಕಾರಿನಿಂದ ಮಾತ್ರ ಅವರಿಗೆ ಉಪಯೋಗ.

ಹಾಗಾದರೆ ಕಾರಿನಲ್ಲಿ ಏನಿದೆ ಎಂದು ತಿಳಿದುಕೊಳ್ಳುವುದು ಹೇಗೆ? ಮೊದಲು ವೇರಿಯಂಟ್‌ನ ಪೂರ್ತಿ ಹೆಸರು ಮತ್ತು ಕಾರು ತಯಾರಾದ ತಿಂಗಳು ಬೇಕು. ಒಂದೇ ಹೆಸರಿನ ವೇರಿಯಂಟ್‌ನಲ್ಲೂ ವರ್ಷದಿಂದ ವರ್ಷಕ್ಕೆ ಸೌಲಭ್ಯಗಳು ಸೇರುತ್ತವೆ, ಸದ್ದಿಲ್ಲದೆ ಬಿಟ್ಟೂ ಹೋಗುತ್ತವೆ. ಆ ತಿಂಗಳಿಗೆ ಹೊಂದುವ ಬ್ರೋಷರ್‌ನ ಕೊನೆಯ ಪುಟದ ಪಟ್ಟಿಯಲ್ಲಿ ನಿಮ್ಮ ವೇರಿಯಂಟ್‌ನ ಕಂಬಸಾಲನ್ನು ಬೆರಳಿಟ್ಟು ಓದಬೇಕು. ಕಾರಿನ ಜೊತೆ ಬರುವ ಮಾಲೀಕರ ಕೈಪಿಡಿಯನ್ನೇ ನೆಚ್ಚಿಕೊಳ್ಳುವಂತಿಲ್ಲ. ಸಾಮಾನ್ಯವಾಗಿ ಎಲ್ಲ ವೇರಿಯಂಟ್‌ಗೂ ಒಂದೇ ಪುಸ್ತಕ, ‘ಅಳವಡಿಸಿದ್ದರೆ’ ಎಂಬ ಸಣ್ಣ ಅಕ್ಷರದಲ್ಲಿ ಇಡೀ ಸತ್ಯ ಅಡಗಿರುತ್ತದೆ. ಕಾರನ್ನೇ ನೋಡುವುದಾದರೆ, ಮುಂಗಾಜಿನ ಮೇಲ್ಭಾಗದಲ್ಲಿ ಕನ್ನಡಿಯ ಹಿಂದೆ ಕ್ಯಾಮೆರಾದ ಪೆಟ್ಟಿಗೆ ಇದೆಯೇ, ಮುಂದಿನ ಲಾಂಛನದ ಹಿಂದೆ ಅಥವಾ ಬಂಪರ್‌ನ ಕೆಳಗೆ ರೇಡಾರ್‌ನ ನುಣುಪು ಫಲಕ ಇದೆಯೇ, ಸ್ಟೀರಿಂಗ್ ಮೇಲೆ ಮುಂದಿನ ಕಾರಿನ ಅಂತರ ಹೊಂದಿಸುವ ಗುಂಡಿ ಇದೆಯೇ ಎಂದು ಪರಿಶೀಲಿಸಿ. ರೇಡಾರ್ ಇಲ್ಲ ಎಂದಮಾತ್ರಕ್ಕೆ ಅಡಾಸ್ ಇಲ್ಲ ಎಂದಲ್ಲ. ಹೋಂಡಾ ಇಲ್ಲಿ ಮಾರುವ ಕಾರುಗಳಲ್ಲಿ ಕ್ಯಾಮೆರಾ ಒಂದರಿಂದಲೇ ಈ ಕೆಲಸ ಮಾಡಿಸುತ್ತದೆ. ಎಲ್ಲಕ್ಕಿಂತ ನಂಬಬಹುದಾದದ್ದು ಕಾರಿನ ಪರದೆಯ ಸೆಟ್ಟಿಂಗ್ಸ್. ಅಲ್ಲಿ ಒಂದೊಂದು ವ್ಯವಸ್ಥೆಯನ್ನೂ ಆನ್ ಅಥವಾ ಆಫ್ ಮಾಡುವ ಸಾಲು ಕಾಣಬೇಕು. ಟೆಸ್ಟ್ ಡ್ರೈವ್‌ಗೆ ಕೊಡುವುದು ಹೆಚ್ಚಾಗಿ ಟಾಪ್ ಮಾಡೆಲ್, ಮನೆಗೆ ಬರುವುದು ಇನ್ನೊಂದು ಎಂಬುದು ನೆನಪಿರಲಿ. ಕೊಟೇಶನ್‌ನಲ್ಲಿ ಏನಿದೆ, ಏನಿಲ್ಲ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಬ್ರೇಕ್ ತಾನೇ ಬೀಳುತ್ತದೆಯೇ ಎಂದು ರಸ್ತೆಯಲ್ಲಿ ಯಾರನ್ನೋ ನಿಲ್ಲಿಸಿ ಪರೀಕ್ಷಿಸುವ ಹುಚ್ಚಿಗೆ ಮಾತ್ರ ಯಾರೂ ಇಳಿಯಬಾರದು.

ಅಡಾಸ್ ಇದೆ ಎಂದು ಖಚಿತವಾದ ಮೇಲೂ ಅದು ಎಲ್ಲಿ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಲೇನ್ ಹಿಡಿದಿಡುವ ವ್ಯವಸ್ಥೆಗೆ ರಸ್ತೆಯ ಬಿಳಿ ಗೆರೆ ಬೇಕು, ಹೆಚ್ಚಿನ ಕಾರುಗಳಲ್ಲಿ ಒಂದು ಮಟ್ಟದ ವೇಗವೂ ಬೇಕು. ಮೈಸೂರು ಹೆದ್ದಾರಿಯಲ್ಲಿ ಎರಡೂ ಇವೆ. ರಾಮನಗರದಿಂದ ಮಾಗಡಿಗೆ ಹೋಗುವ ತಿರುವುಗಳಲ್ಲಿ, ಕನಕಪುರದಿಂದ ಸಂಗಮದ ಕಡೆ ಇಳಿಯುವ ಹಾದಿಯಲ್ಲಿ ಅದು ಮೌನವಾಗಿದ್ದರೆ ಕಾರು ಕೆಟ್ಟಿದೆ ಎಂದಲ್ಲ. ಹಸು, ಮೇಕೆ, ರಸ್ತೆಯಲ್ಲೇ ಒಕ್ಕಣೆಗೆ ಹರಡಿದ ರಾಗಿ ಹುಲ್ಲು, ಹಿಂದೆ ದೀಪವೂ ಪ್ರತಿಫಲಕವೂ ಇಲ್ಲದ ಟ್ರೇಲರ್ ಇವನ್ನೆಲ್ಲ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಗುರುತಿಸುತ್ತದೆಂಬ ಭರವಸೆಯನ್ನು ಇಟ್ಟುಕೊಳ್ಳಲೇಬಾರದು. ಮಂಜು, ಜಡಿಮಳೆ, ಗಾಜಿನ ಮೇಲಿನ ಕೆಸರು ಕ್ಯಾಮೆರಾವನ್ನು ಕುರುಡಾಗಿಸುತ್ತವೆ. ಕಾರಿನ ಮುಂದೆ ಕಬ್ಬಿಣದ ಬುಲ್ ಗಾರ್ಡ್ ಹಾಕಿಸುವ ಚಟ ನಮ್ಮ ಕಡೆ ಹೋಗಿಲ್ಲ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದು ಕಾನೂನುಬಾಹಿರ ಎಂದಿದೆ. ರೇಡಾರ್‌ನ ಮುಂದೆ ಅದು ಅಡ್ಡ ನಿಂತರೆ ಹಣ ಕೊಟ್ಟು ಕೊಂಡ ಸುರಕ್ಷತೆಗೆ ನಾವೇ ಅಡ್ಡಗೋಡೆ ಕಟ್ಟಿದಂತೆ. ಮುಂಗಾಜು ಬದಲಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು ಎಂಬುದನ್ನೂ ರಸ್ತೆಬದಿಯ ಗ್ಯಾರೇಜಿನಲ್ಲಿ ಯಾರೂ ಹೇಳುವುದಿಲ್ಲ.

ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಕಡ್ಡಾಯ. ಅಮೆರಿಕ 2029ರ ಸೆಪ್ಟೆಂಬರ್‌ನ ಗಡುವು ಕೊಟ್ಟಿದೆ. ನಮ್ಮಲ್ಲಿ 2025ರ ಮಾರ್ಚ್‌ನಲ್ಲಿ ಬಂದ ಕರಡು ನಿಯಮ ಬಸ್ಸು, ಲಾರಿ ಮತ್ತು ಎಂಟಕ್ಕಿಂತ ಹೆಚ್ಚು ಪ್ರಯಾಣಿಕರ ವಾಹನಗಳಿಗೆ ಇದನ್ನು ಕಡ್ಡಾಯ ಮಾಡಲು ಹೊರಟಿತು. ಸಾಮಾನ್ಯ ಕಾರು ಅದರಲ್ಲಿಲ್ಲ. ಎಲ್ಲ ಕಾರಿಗೂ ಕಡ್ಡಾಯವಾಗಲು ಕಾಲ ಬೇಕಾದೀತು, ಬೆಲೆಯ ಪ್ರಶ್ನೆಯೂ ನಿಜ. ಆದರೆ ಕಾರಿನಲ್ಲಿ ಏನಿದೆ ಎಂದು ಹೇಳುವುದಕ್ಕೆ ಯಾವ ತಂತ್ರಜ್ಞಾನವೂ ಬೇಕಿಲ್ಲ. ನಾಲ್ಕು ರೂಪಾಯಿ ಮಾತ್ರೆಯ ಹಾಳೆಯ ಮೇಲೂ ಒಳಗೇನಿದೆ ಎಂದು ಅಚ್ಚು ಹಾಕುವ ದೇಶದಲ್ಲಿ ಹದಿನೈದು ಲಕ್ಷದ ಕಾರಿಗೆ ಆ ನಿಯಮ ಏಕಿಲ್ಲ? ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿದೆ. ತಾನೇ ಬ್ರೇಕ್ ಹಾಕುತ್ತದೆಯೇ, ಪಾದಚಾರಿ ಮತ್ತು ಬೈಕ್ ಗುರುತಿಸುತ್ತದೆಯೇ, ಲೇನ್ ಎಚ್ಚರಿಕೆ ಇದೆಯೇ, ಪಕ್ಕದ ವಾಹನದ ಎಚ್ಚರಿಕೆ ಇದೆಯೇ, ಯಾವ ವೇಗದಿಂದ ಯಾವ ವೇಗದವರೆಗೆ ಎಂಬ ಐದು ಸಾಲುಗಳು ಕಂಪನಿಯ ಹೆಸರುಗಳಿಲ್ಲದೆ, ಕನ್ನಡದಲ್ಲಿ, ಗಾಜಿನ ಮೇಲೆ ಅಂಟಿಸಿರಬೇಕು.

ಸ್ಟಿಕರ್ ಹರಿದುಹೋಗುತ್ತದೆ, ಕಾರು ಕೈ ಬದಲಾಗುತ್ತದೆ. ಕನಕಪುರ, ಮಾಗಡಿಯ ಹಳ್ಳಿಗಳಿಗೆ ಬರುವ ಎಷ್ಟೋ ಕಾರುಗಳು ಬೆಂಗಳೂರಿನಲ್ಲಿ ಓಡಿ ಬಂದ ಸೆಕೆಂಡ್ ಹ್ಯಾಂಡ್. ಆರ್‌ಸಿಯಲ್ಲಿ ಬಣ್ಣ, ಇಂಧನ, ಚಾಸಿ ಸಂಖ್ಯೆ, ತಯಾರಾದ ತಿಂಗಳು ಎಲ್ಲ ಇರುತ್ತವೆ, ಸುರಕ್ಷತೆಯ ಒಂದು ಸಾಲೂ ಇಲ್ಲ. ಹಾಗಾಗಿ ಆ ಐದು ಸಾಲು ನೋಂದಣಿಯ ದಿನವೇ ಸರ್ಕಾರದ ‘ವಾಹನ್’ ದಾಖಲೆಗೂ ಸೇರಬೇಕು. ಕಂಪನಿಗಳಿಗೆ ಇದು ಹೊರೆಯಲ್ಲ. ಯಾವ ಚಾಸಿ ಸಂಖ್ಯೆಯ ಕಾರಿಗೆ ಏನೇನು ಅಳವಡಿಸಿದ್ದೇವೆ ಎಂಬ ದಾಖಲೆ ಅವರ ಬಳಿ ಈಗಾಗಲೇ ಇದೆ, ಬಿಡಿಭಾಗ ತರಿಸುವಾಗ ಸರ್ವಿಸ್ ಸೆಂಟರ್‌ನವರು ತೆರೆದು ನೋಡುವುದು ಅದನ್ನೇ. ನಿಯಮ ಬರುವ ತನಕ ಹಳೆಯ ಕಾರು ಕೊಳ್ಳುವವರು ಮುಂಗಡ ಕೊಡುವ ಮೊದಲು ಆ ಸಂಖ್ಯೆ ಹಿಡಿದು ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ ವಿಚಾರಿಸಬಹುದು.