ಸವ್ಯಸಾಚಿಗೆ ಜಾಗ ಎಲ್ಲಿ?

ಭಾನುವಾರ ಬೆಳಿಗ್ಗೆ ಹಿಂದವಾಡಿಯ ಬಯಲಿನ ಬದಿಗೆ ನಿಂತರೆ ಮಕ್ಕಳು ತಂಡ ಹಂಚಿಕೊಳ್ಳುವ ಗದ್ದಲ ಕೇಳಿಸುತ್ತದೆ. ‘ಅಂವ ಬ್ಯಾಟಿಂಗೂ ಮಾಡ್ತಾನ, ಬೌಲಿಂಗೂ ಹಾಕ್ತಾನ, ನಮಗ ಬೇಕು’ ಎಂದು ಎರಡೂ ಕಡೆಯ ನಾಯಕರು ಜಗಳಕ್ಕೇ ನಿಲ್ಲುತ್ತಾರೆ. ಓಣಿಯ ಆಟದಲ್ಲಿ ಮೊದಲು ಆಯ್ಕೆಯಾಗುವವನು ಸವ್ಯಸಾಚಿ, ಅಂದರೆ ಆಲ್‌ರೌಂಡರ್. ಆದರೆ ರಾಷ್ಟ್ರೀಯ ಆಯ್ಕೆ ಸಮಿತಿಯ ಮುಂದೆ ಹೆಚ್ಚು ಚರ್ಚೆಗೆ ಒಳಗಾಗುವುದೂ ಅವನ ಹೆಸರೇ. ಏಕೆ?

ಲೆಕ್ಕ ಸರಳವಾದುದು. ಆರು ದಾಂಡಿಗರು, ಒಬ್ಬ ವಿಕೆಟ್ ಕೀಪರ್, ನಾಲ್ವರು ಬೌಲರ್‌ಗಳು ಸೇರಿದರೆ ಹನ್ನೊಂದು ಮಂದಿ ಆದರು. ಏಕದಿನ ಪಂದ್ಯದಲ್ಲಿ ಒಬ್ಬ ಬೌಲರ್‌ಗೆ 10 ಓವರ್ ಮಾತ್ರ. ನಾಲ್ವರಿಂದ 40 ಓವರ್ ಮುಗಿಯಿತು. ಉಳಿದ 10 ಓವರ್ ಯಾರದು? ಐದನೆಯ ಬೌಲರ್‌ನನ್ನು ಸೇರಿಸಿದರೆ ಒಬ್ಬ ದಾಂಡಿಗ ಕಡಿಮೆಯಾಗುತ್ತಾನೆ. ಈ ಗಂಟನ್ನು ಬಿಡಿಸುವವನೇ ಸವ್ಯಸಾಚಿ. ಆದರೆ ಅವನು ಒಂದು ಕೆಲಸದಲ್ಲಾದರೂ ಪೂರ್ತಿ ಗಟ್ಟಿಯಾಗಿರಬೇಕು. ಎರಡರಲ್ಲೂ ಅರೆಬರೆಯಾದರೆ ತಂಡ ಎರಡೂ ಕಡೆ ಸೊರಗುತ್ತದೆ.

ಇದಕ್ಕೆ ನಮ್ಮ ಉತ್ತರ ಕರ್ನಾಟಕದಲ್ಲೇ ಒಂದು ಉದಾಹರಣೆಯಿದೆ. ಗದಗಿನ ಸುನೀಲ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಅಭ್ಯಾಸಕ್ಕೆಂದು ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಮತ್ತೆ ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. ಕರ್ನಾಟಕ ರಣಜಿ ಟ್ರೋಫಿ ಗೆದ್ದ 1995-96ರ ಋತುವಿನಲ್ಲಿ ಈ ಎಡಗೈ ಸ್ಪಿನ್ನರ್ 500ಕ್ಕೂ ಹೆಚ್ಚು ರನ್ ಗಳಿಸಿ, 50ಕ್ಕೂ ಹೆಚ್ಚು ವಿಕೆಟ್ ಉರುಳಿಸಿದರು. 1996ರಲ್ಲಿ ಇಂಗ್ಲೆಂಡಿನಲ್ಲಿ ಭಾರತದ ಪರ ಟೆಸ್ಟ್ ಆಡಿದರು.

1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರ ಬೌಲಿಂಗ್ ಹೀಗಿತ್ತು: 10 ಓವರ್, 6 ಮೇಡನ್, 6 ರನ್, 5 ವಿಕೆಟ್. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ ಜೋಶಿ ಎರಡೂ ಇನಿಂಗ್ಸ್ ಸೇರಿ 8 ವಿಕೆಟ್ ಪಡೆದರು, ಬ್ಯಾಟ್ ಹಿಡಿದು 92 ರನ್ ಹೊಡೆದರು. ಪಂದ್ಯಶ್ರೇಷ್ಠ ಗೌರವವೂ ಅವರದೇ ಆಯಿತು. ಆದರೂ ಆ ವರ್ಷದ ನಂತರ ಅವರು ಮತ್ತೆ ಟೆಸ್ಟ್ ಆಡಲಿಲ್ಲ.

ಅನ್ಯಾಯ ಎನ್ನಿಸುವುದು ಸಹಜ. ಅಂಕಿಗಳನ್ನೂ ಒಮ್ಮೆ ನೋಡಬೇಕು. ಒಂದು ವಿಕೆಟ್‌ಗೆ ಕೊಡುವ ರನ್ನಿಗಿಂತ, ತಾನು ಔಟಾಗುವ ಮುನ್ನ ಗಳಿಸುವ ರನ್ನಿನ ಸರಾಸರಿ ಹೆಚ್ಚಿರಬೇಕು ಎಂಬುದು ಸವ್ಯಸಾಚಿಯ ಹಳೆಯ ಅಳತೆ. ಪ್ರಥಮ ದರ್ಜೆ ಪಂದ್ಯಗಳಲ್ಲಿ ಜೋಶಿ 5129 ರನ್ ಗಳಿಸಿ 615 ವಿಕೆಟ್ ಪಡೆದರು. ಅಲ್ಲಿ ಅವರ ಬ್ಯಾಟಿಂಗ್ ಸರಾಸರಿ 26ರ ಮೇಲೆ, ಬೌಲಿಂಗ್ ಸರಾಸರಿ 25ರ ಆಸುಪಾಸು, ಅಳತೆ ಸರಿಹೋಯಿತು. 15 ಟೆಸ್ಟ್‌ಗಳಲ್ಲಿ ಮಾತ್ರ ಬ್ಯಾಟಿಂಗ್ ಸುಮಾರು 20ಕ್ಕೆ ಇಳಿದು, ಬೌಲಿಂಗ್ 35ಕ್ಕೆ ಏರಿತು. ಇದರ ಮೇಲೆ, ಮೊದಲ ಸ್ಪಿನ್ನರ್‌ನ ಜಾಗದಲ್ಲಿ ಅದೇ ಕರ್ನಾಟಕದ ಅನಿಲ್ ಕುಂಬ್ಳೆ ಇದ್ದರು. ಎರಡನೆಯ ಸ್ಪಿನ್ನರ್ ಬೇಕೋ ಬೇಡವೋ ಎಂಬುದನ್ನು ಪಿಚ್ಚು ತೀರ್ಮಾನಿಸುತ್ತಿತ್ತು.

ಅದೇ ಜೋಶಿ 2020ರ ಮಾರ್ಚಿನಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಪಟ್ಟಿಗೆ ಕಾಯುತ್ತಿದ್ದವರು ಪಟ್ಟಿ ಬರೆಯುವವರಾದರು. ಆ ವರ್ಷದ ಕೊನೆಗೆ ಆಸ್ಟ್ರೇಲಿಯ ಪ್ರವಾಸಕ್ಕೆ ಅವರ ಸಮಿತಿ ತಂಡ ಆರಿಸಿದಾಗ ವಾಷಿಂಗ್ಟನ್ ಸುಂದರ್, ಶಾರ್ದೂಲ್ ಠಾಕೂರ್ ಇಬ್ಬರೂ ಟೆಸ್ಟ್ ಪಟ್ಟಿಯಲ್ಲಿ ಇರಲಿಲ್ಲ. ಚಿಕ್ಕ ಪಂದ್ಯಗಳಿಗಷ್ಟೇ ಅವರ ಹೆಸರಿತ್ತು. ಜಡೇಜ, ಅಶ್ವಿನ್ ಮೊದಲಾದವರು ಗಾಯಗೊಂಡ ಮೇಲೆ 2021ರ ಜನವರಿಯಲ್ಲಿ ಬ್ರಿಸ್ಬೇನ್ ಟೆಸ್ಟ್‌ಗೆ ಈ ಇಬ್ಬರಿಗೆ ಕರೆ ಬಂತು. ಭಾರತ 186ಕ್ಕೆ 6 ವಿಕೆಟ್ ಕಳೆದುಕೊಂಡಿದ್ದಾಗ ಅವರು 123 ರನ್ ಜೊತೆಯಾಟ ಕಟ್ಟಿದರು. ಇಡೀ ಪಂದ್ಯದಲ್ಲಿ ಠಾಕೂರ್ 7, ಸುಂದರ್ 4 ವಿಕೆಟ್ ಪಡೆದರು. ಭಾರತ ಪಂದ್ಯವನ್ನೂ ಗೆದ್ದಿತು, ಸರಣಿಯನ್ನೂ ಗೆದ್ದಿತು.

ಹಿಂದವಾಡಿಯ ಪಾಲಕರು ಇದರಿಂದ ತಿಳಿಯಬೇಕಾದದ್ದು ಇಷ್ಟೆ. ಶಾಲಾ ತಂಡದ ಪಟ್ಟಿಯಲ್ಲಿ ಮಗನ ಅಥವಾ ಮಗಳ ಹೆಸರಿಲ್ಲದಿದ್ದರೆ, ‘ಯಾರ ವಶೀಲಿ ನಡೀತು?’ ಎಂದು ಕೇಳುವ ಮೊದಲು ‘ತಂಡಕ್ಕ ಏನು ಬೇಕಾಗಿತ್ತು?’ ಎಂದು ಕೇಳಬೇಕು. ಒಂದು ಕೈಯ ಕೆಲಸ ತಂಡದಲ್ಲಿ ಜಾಗ ಹಿಡಿಯುವಷ್ಟು ಗಟ್ಟಿಯಾಗಲಿ, ಇನ್ನೊಂದು ಕೈ ಸಿದ್ಧವಾಗಿರಲಿ. ಪಟ್ಟಿ ಇನ್ನೊಬ್ಬರ ಕೈಯಲ್ಲಿರುತ್ತದೆ. ಬೆಳಗಿನ ಅಭ್ಯಾಸ ಮಾತ್ರ ನಮ್ಮ ಕೈಯಲ್ಲೇ ಇರುತ್ತದೆ.