ಎರಡು ನಕ್ಷೆಗಳ ಪಾಠ

ಬೋಧನಾಭ್ಯಾಸದ ಎರಡನೇ ವಾರ ನನ್ನ ಪಾಠ ಅನುಪಾತ. ಉದಾಹರಣೆಗೆಂದು ಸರ್ವೆ ಆಫ್ ಇಂಡಿಯಾದ ಟೊಪೊಶೀಟ್ 57 ಡಿ/11 ಒಯ್ದಿದ್ದೆ. ಮೈಸೂರು, ಶ್ರೀರಂಗಪಟ್ಟಣ, ಕನ್ನಂಬಾಡಿ ಕಟ್ಟೆ ಮೂರೂ ಆ ಒಂದೇ ಹಾಳೆಯಲ್ಲಿವೆ. ಮಕ್ಕಳು 2 ಸೆಂ.ಮೀ.ಗೆ 1 ಕಿ.ಮೀ. ಎಂದು ಅಳೆಯುತ್ತಿದ್ದಾಗ ಒಬ್ಬ ಹುಡುಗ ಜಲಾಶಯದ ನೀಲಿಯ ಮೇಲೆ ಬೆರಳಿಟ್ಟು, "ಮಿಸ್, ನಮ್ ಮುತ್ತಾತನ ಊರು ಇದ್ರೊಳ್ಗೆ ಎಲ್ ಬತ್ತದೆ?" ಎಂದ. "ಅದು ಇವತ್ತಿನ ಪಾಠದಲ್ಲಿಲ್ಲ, ಕೂತ್ಕೋ" ಎಂದೆ. ಆ ದಿನ ವೀಕ್ಷಣಾ ಪುಸ್ತಕದಲ್ಲಿ ನನ್ನ ತರಗತಿ ನಿಯಂತ್ರಣಕ್ಕೆ ಮೆಚ್ಚುಗೆ ಸಿಕ್ಕಿತು!

ಒಂದೇ ಜಾಗದ ಎರಡು ಕಾಲದ ನಕ್ಷೆಗಳನ್ನು ಜೊತೆಗಿಟ್ಟು ತೋರಿಸದಿದ್ದರೆ ನಕ್ಷೆಯನ್ನು ಕಲಿಸಿದಂತಾಗುವುದಿಲ್ಲ ಎಂದು ಈಗ ಅನ್ನಿಸುತ್ತದೆ. ನಕ್ಷೆಯನ್ನು ಯಾರೋ, ಯಾವುದೋ ಕಾಲದಲ್ಲಿ, ಏನೋ ಅಗತ್ಯಕ್ಕೆ ಬರೆದಿರುತ್ತಾರೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜ್ಯವನ್ನು ಕಂಪನಿ, ನಿಜಾಮ ಮತ್ತು ಒಡೆಯರ ನಡುವೆ ಹಂಚಿದರು. ಯಾರ ಪಾಲು ಎಲ್ಲಿಯವರೆಗೆ ಎಂದು ತಿಳಿಯಲು ಗಡಿ ಅಳೆಯಬೇಕಾಯಿತು. ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆ ಶುರುವಾದದ್ದು ಹಾಗೆ. ಗಡಿಯ ಜೊತೆಗೆ ಊರು, ಕೆರೆ, ಶಾಸನಗಳ ವಿವರವೂ ಸೇರಿತು. ಅದರಲ್ಲಿ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸಹೋದರರ ದುಡಿಮೆ ದೊಡ್ಡದು. ನಮ್ಮ ಪಾಠಗಳಲ್ಲಿ ಅವರ ಹೆಸರು ಬರುವುದು ಅಪರೂಪ.

ಕಟ್ಟೆಗೆ ಮುಂಚಿನ ಒಂದಿಂಚಿನ ನಕ್ಷೆಯ ಪ್ರತಿ ಆಮೇಲೆ ಸಿಕ್ಕಿತು. ಅದರಲ್ಲಿ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ ಕಾವೇರಿಯ ಮಗ್ಗುಲಲ್ಲೇ ಹರಿಯುತ್ತವೆ. ಅವುಗಳಾಚೆ ಹೆಚ್ಚಾಗಿ ರಾಗಿ, ಹುರುಳಿಯ ಬೆದ್ದಲು. 1911ರಲ್ಲಿ ಕಟ್ಟೆಯ ಕೆಲಸ ಶುರುವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಮಂಡ್ಯದ ಕಡೆ ಭತ್ತ, ಕಬ್ಬು ಬಂದವು. ಇತ್ತ ಹಳೆಯ ಕನ್ನಂಬಾಡಿಯೂ ಸುತ್ತಲಿನ ಹಳ್ಳಿಗಳೂ ನೀರಿನಡಿ ಹೋದವು. ಹೊಸ ಹಾಳೆಯೊಂದನ್ನೇ ನೋಡುವ ಮಗುವಿಗೆ ಮುಳುಗಿದ್ದು ಕಾಣುವುದೇ ಇಲ್ಲ.

40 ನಿಮಿಷದ ಪೀರಿಯಡ್‌ನಲ್ಲಿ, ಅದೂ ಗಣಿತದ ಪಾಠದಲ್ಲಿ, ಇದಕ್ಕೆಲ್ಲ ಜಾಗ ಎಲ್ಲಿ ಎಂದು ಸಹಪಾಠಿಗಳು ಕೇಳಿದರು. ಹಳೆಯದರ ಪ್ರಮಾಣ 1:63,360, ಹೊಸದರದು 1:50,000. 10 ಕಿ.ಮೀ. ದೂರ ಹೊಸದರಲ್ಲಿ 20 ಸೆಂ.ಮೀ., ಹಳೆಯದರಲ್ಲಿ 16ಕ್ಕೂ ಕಡಿಮೆ. ಒಂದರ ಮೇಲೊಂದು ಹೊಂದಿಸಬೇಕಾದರೆ ಹಳೆಯದನ್ನು ಸುಮಾರು 1.27 ಪಟ್ಟು ಹಿಗ್ಗಿಸಬೇಕು. ಇದು ಅನುಪಾತವಲ್ಲದೆ ಮತ್ತೇನು? ಆ ಹುಡುಗನ ಪ್ರಶ್ನೆ ಅವತ್ತಿನ ಪಾಠದಲ್ಲೇ ಇತ್ತು. ನನಗೆ ಹೊಳೆಯಲಿಲ್ಲ, ಅಷ್ಟೆ.

ಕೊನೆಯ ವಾರ ಹಾಗೆ ಹಿಗ್ಗಿಸಿದ ನಕ್ಷೆಯನ್ನು ಬಟರ್ ಪೇಪರಿನ ಮೇಲೆ ತೆಗೆದುಕೊಂಡು ಹೋಗಿ ಹೊಸದರ ಮೇಲೆ ಹಾಸಿದೆ. ಹುಡುಗ ನೀಲಿಯ ಮೇಲೆ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟ. ನಕ್ಷೆಯಲ್ಲಿ ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ತಪ್ಪು ಎಂದು ತಕರಾರನ್ನೂ ತೆಗೆದ.